‘ಅಂದೇ ಅಂದಿದ್ದೆ’ ನ್ಯಾಯ: ಮುನ್ಸೂಚನೆ ಮತ್ತು ತಿರುವುಗಳ ಶಾಸ್ತ್ರೀಯ ವಿವೇಚನೆ

ಒಂದು ಘಟನೆ ನಡೆದುಹೋದ ಮೇಲೆ, ಅದಕ್ಕೂ ಮೊದಲೇ ನಡೆದಿತ್ತೆಂದು ನೆನಪಿಗೆ ಬರುವ ಇನ್ನೊಂದು ಘಟನೆಗೆ ಮುನ್ಸೂಚನೆ ಎಂದು ಹೆಸರು. ಈ ಲಕ್ಷಣದಲ್ಲಿ ‘ನಡೆದುಹೋದ ಮೇಲೆ’ ಎಂಬ ವಿಶೇಷಣವನ್ನು ಬಿಡುವಂತಿಲ್ಲ. ಬಿಟ್ಟರೆ ಅತಿವ್ಯಾಪ್ತಿದೋಷ ಬಂದು, ಊರಿನ ಬೆಕ್ಕುಗಳು, ನೆಗಡಿಯಾದವರು, ಗೋಡೆಯ ಮೇಲಿನ ಹಲ್ಲಿಗಳು ಎಲ್ಲವೂ ಮುನ್ಸೂಚನೆಗಳಾಗಿಬಿಡುತ್ತವೆ. ಬೆಕ್ಕು ದಿನಕ್ಕೆ ಎಷ್ಟೋ ಸಲ ರಸ್ತೆ ದಾಟುತ್ತದೆ. ಅದು ಅಡ್ಡ ಬಂದದ್ದು ಅಪಶಕುನವಾಗಬೇಕಾದರೆ ಮುಂದಿನ ತಿರುವಿನಲ್ಲಿ ಸ್ಕೂಟರ್ ಪಂಕ್ಚರ್ ಆಗಬೇಕು. ಆಗದಿದ್ದರೆ ಅದು ಬರೀ ಬೆಕ್ಕು.

ಬದುಕಿನ ತಿರುವು ಇದರ ಒಡಹುಟ್ಟು. ನಡೆಯುವಾಗ ಯಾರ ಗಮನಕ್ಕೂ ಬಾರದೆ, ಮೂವತ್ತು ವರ್ಷಗಳ ನಂತರ ಸನ್ಮಾನಕ್ಕೆ ಉತ್ತರವಾಗಿ ಆಡುವ ಮಾತಿನಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗುವ ಕ್ಷಣ ತಿರುವು ಎನಿಸಿಕೊಳ್ಳುತ್ತದೆ. ಎರಡಕ್ಕೂ ಅಂಗಗಳು ಮೂರು: ನಿಮಿತ್ತ, ಫಲ, ಯೋಜಕ. ಸೀನಿದ್ದು ನಿಮಿತ್ತ, ಸಂಬಂಧ ಮುರಿದದ್ದು ಫಲ, ಇವೆರಡನ್ನೂ ಗಂಟು ಹಾಕುವವರು ಯೋಜಕರು. ಮೊದಲಿನ ಎರಡು ಎಷ್ಟೇ ಬಲವಾಗಿದ್ದರೂ ಮೂರನೆಯದಿಲ್ಲದೆ ಶಾಸ್ತ್ರಕಾರ್ಯ ನಡೆಯದು. ಮನೆಗಳಲ್ಲಿ ಯೋಜಕರ ಸ್ಥಾನ ಸಾಮಾನ್ಯವಾಗಿ ಸೋದರತ್ತೆಯದು. ಕಚೇರಿಗಳಲ್ಲಿ ನಿವೃತ್ತಿಗೆ ಆರು ತಿಂಗಳಿರುವ ಗುಮಾಸ್ತರದು. ಇವರ ಪ್ರಮಾಣವಾಕ್ಯ ಎಲ್ಲ ಸೀಮೆಗಳಲ್ಲೂ ಒಂದೇ: ‘ನಾನು ಅಂದೇ ಅಂದಿದ್ದೆ.’ ಅಂದದ್ದು ಯಾರ ಹತ್ತಿರ ಎಂದು ಕೇಳುವುದು ಸಂಪ್ರದಾಯವಲ್ಲ. ಕೇಳಿದ ಕೆಲವರು ‘ಮನಸ್ಸಿನಲ್ಲೇ ಅಂದುಕೊಂಡಿದ್ದೆ’ ಎಂಬ ಉತ್ತರ ಪಡೆದು ಸುಮ್ಮನಾಗಿದ್ದಾರೆ.

ಹೀಗಾಗಿ ಈ ವಿದ್ಯಮಾನಕ್ಕೆ ‘ಅಂದೇ ಅಂದಿದ್ದೆ ನ್ಯಾಯ’ ಎಂದು ಹೆಸರಿಡುವುದು ಉಚಿತ. ಇದನ್ನು ಕಾಕತಾಳೀಯ ನ್ಯಾಯದೊಳಗೇ ಸೇರಿಸಬಾರದೇಕೆ ಎಂಬ ಶಂಕೆ ಬರಬಹುದು. ಸೇರಿಸಲಾಗದು. ಕಾಕತಾಳೀಯದಲ್ಲಿ ಕಾಗೆ ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಗುತ್ತದೆ, ಅಲ್ಲಿಗೆ ಮುಗಿಯಿತು. ಪ್ರಸ್ತುತ ನ್ಯಾಯದಲ್ಲಿ ಮರದ ಕೆಳಗೆ ಒಬ್ಬರು ನಿಂತಿರುತ್ತಾರೆ. ಆ ಕಾಗೆಯ ನೋಟವೇ ಬೆಳಗಿನಿಂದ ಸರಿಯಿರಲಿಲ್ಲ ಎಂದು ಅವರು ಹೇಳುತ್ತಾರೆ.

ಕಾವ್ಯಗಳಲ್ಲಿ ಪರಿಸ್ಥಿತಿ ತುಸು ಭಿನ್ನ. ಅಲ್ಲಿ ಕವಿಗೆ ಕೊನೆ ಗೊತ್ತಿರುವುದರಿಂದ ಅವನು ಸೋದರತ್ತೆಯ ಜಾಗದಲ್ಲಿ ಕುಳಿತೇ ಬರೆಯಲು ಶುರುಮಾಡುತ್ತಾನೆ. ಭರತನ ನಾಟ್ಯಶಾಸ್ತ್ರ ಇದಕ್ಕೆ ಬೇಕಾದ ಸಲಕರಣೆಗಳನ್ನೆಲ್ಲ ಒದಗಿಸಿದೆ. ಬೀಜದಿಂದ ಕಾರ್ಯದವರೆಗೆ ಐದು ಅರ್ಥಪ್ರಕೃತಿಗಳು, ಮುಖದಿಂದ ನಿರ್ವಹಣದವರೆಗೆ ಐದು ಸಂಧಿಗಳು, ಇವುಗಳ ನಡುವೆ ಪತಾಕಾಸ್ಥಾನಕ ಎಂಬ ಸೂಕ್ಷ್ಮ ತಂತ್ರ. ಒಂದು ವಿಷಯದ ಮಾತು ನಡೆಯುತ್ತಿರುವಾಗ ಆಕಸ್ಮಿಕವಾಗಿ ಇನ್ನೊಂದು ಬಂದು ಅದಕ್ಕೆ ತಗುಲಿಕೊಂಡು, ಮುಂದಾಗುವುದನ್ನು ಸೂಚಿಸಿಬಿಡುವುದೇ ಪತಾಕಾಸ್ಥಾನಕ.

ಪ್ರಯೋಗದಲ್ಲಿ ಈ ತಂತ್ರದ ಭಾರವೆಲ್ಲ ಬಾಗಿಲು ಕಾಯುವವರ ಮೇಲೆ ಬಿದ್ದಿದೆ. ಭವಭೂತಿಯ ಉತ್ತರರಾಮಚರಿತದ ಮೊದಲ ಅಂಕದಲ್ಲಿ ರಾಮ, ನಿದ್ರಿಸುತ್ತಿರುವ ಸೀತೆಯನ್ನು ನೋಡುತ್ತ, ಇವಳ ವಿರಹವೊಂದನ್ನು ಮಾತ್ರ ಸಹಿಸಲಾರೆನೆಂದು ನುಡಿಯುತ್ತಾನೆ. ಅದೇ ಕ್ಷಣಕ್ಕೆ ಪ್ರತೀಹಾರಿ ಒಳಬಂದು, ‘ಬಂದಾಯಿತು, ಪ್ರಭು’ ಎಂಬರ್ಥದ ಮಾತನ್ನಾಡುತ್ತಾಳೆ. ಬಂದದ್ದು ಯಾರು ಎಂದು ರಾಮ ಗಾಬರಿಯಿಂದ ಕೇಳಬೇಕಾಗುತ್ತದೆ. ಬಂದವನು ಗೂಢಚಾರ ದುರ್ಮುಖ; ಅವನ ಬೆನ್ನಿಗೆ ವಿರಹವೂ ಬಂತು. ಭಟ್ಟನಾರಾಯಣನ ವೇಣೀಸಂಹಾರದ ಎರಡನೆಯ ಅಂಕದಲ್ಲಿ ದುರ್ಯೋಧನ ಹೆಂಡತಿ ಭಾನುಮತಿಗೆ ತನ್ನ ತೊಡೆಗಳ ಮೇಲೆ ಕೂರಲು ಹೇಳುತ್ತಿರುವಾಗ ಕಂಚುಕಿ ಓಡಿಬಂದು, ಮುರಿಯಿತು ಮುರಿಯಿತು ಎನ್ನುತ್ತಾನೆ. ಯಾರಿಂದ ಎಂದರೆ ಭೀಮನಿಂದ. ಯಾರದು ಎಂದರೆ ತಮ್ಮದು. ಕೂಲಂಕಷವಾಗಿ ವಿಚಾರಿಸಿದಾಗ ಮುರಿದದ್ದು ರಥದ ಧ್ವಜ, ಮುರಿದದ್ದು ಭೀಕರವಾದ ಗಾಳಿ ಎಂದು ತಿಳಿಯುತ್ತದೆ. ಹಸ್ತಿನಾವತಿಯ ಅರಮನೆಯಲ್ಲಿ ಸೇವಕರು ವಾಕ್ಯವನ್ನು ಮೊದಲಿನಿಂದ ಹೇಳಬೇಕೆಂಬ ನಿಯಮವಿದ್ದಿದ್ದರೆ ದುರ್ಯೋಧನನ ತೊಡೆ ಉಳಿಯುತ್ತಿತ್ತೆಂದು ಹೇಳಲಾಗದು. ಆ ಹೊತ್ತಾದರೂ ನೆಮ್ಮದಿಯಿಂದ ಕಳೆಯುತ್ತಿತ್ತು.

ಅದೇ ಅಂಕದಲ್ಲಿ ಇನ್ನೊಂದು ನಿಮಿತ್ತವಿದೆ. ಇದರ ಮಹತ್ವವನ್ನು ಸಾಕಷ್ಟು ಜನ ಗುರುತಿಸಿಲ್ಲ. ಭಾನುಮತಿ ಕನಸಿನಲ್ಲಿ ಮುಂಗುಸಿಯೊಂದು ನೂರು ಹಾವುಗಳನ್ನು ಕೊಂದದ್ದನ್ನು ಕಂಡಿರುತ್ತಾಳೆ. ಕೌರವರು ನೂರು ಮಂದಿ ಎಂಬುದನ್ನು ಬಲ್ಲ ಯಾರಿಗೇ ಆದರೂ ಅರ್ಥವಾಗುವ ಕನಸು ಅದು. ಸಂಸ್ಕೃತದಲ್ಲಿ ಮುಂಗುಸಿಗೆ ನಕುಲ ಎನ್ನುತ್ತಾರೆ. ಮರೆಯಲ್ಲಿ ನಿಂತು ಕೇಳಿಸಿಕೊಂಡ ದುರ್ಯೋಧನ, ತನ್ನ ವಂಶನಾಶದ ಸುದ್ದಿಯನ್ನು ಬಿಟ್ಟು, ಹೆಂಡತಿಗೂ ಮಾದ್ರಿಯ ಮಗನಿಗೂ ಏನೋ ನಡೆದಿದೆ ಎಂದು ಕೊತಕೊತ ಕುದಿಯುತ್ತಾನೆ. ವಿಳಾಸ ಸರಿಯಾಗಿದ್ದು, ತಲುಪಿಯೂ ತಲುಪಿ, ಗಂಡನ ಕಿವಿಗೆ ಬಿದ್ದದ್ದರಿಂದ ವ್ಯರ್ಥವಾದ ಮುನ್ಸೂಚನೆಗಳ ವರ್ಗಕ್ಕೆ ಇದೇ ಮಾದರಿ.

ಅಂಗಸ್ಫುರಣಕ್ಕೆ ಶಾಕುಂತಲವೇ ಆಕರ. ಪುರುಷನಿಗೆ ಬಲಭಾಗ, ಸ್ತ್ರೀಗೆ ಎಡಭಾಗ ಅದುರಿದರೆ ಶುಭವೆಂಬುದು ನಿಯಮ. ಕಣ್ವಾಶ್ರಮದ ಬಾಗಿಲಲ್ಲಿ ದುಷ್ಯಂತನ ಬಲತೋಳು ಅದುರುತ್ತದೆ, ಶಕುಂತಲೆ ಸಿಗುತ್ತಾಳೆ. ಐದನೆಯ ಅಂಕದಲ್ಲಿ ಶಕುಂತಲೆಯ ಬಲಗಣ್ಣು ಅದುರುತ್ತದೆ, ಅವನು ಯಾರಮ್ಮಾ ನೀನು ಎನ್ನುತ್ತಾನೆ. ಏಳನೆಯ ಅಂಕದಲ್ಲಿ ಮಾರೀಚನ ಆಶ್ರಮದ ಬಳಿ ಅದೇ ತೋಳು ಮತ್ತೆ ಅದುರಿದಾಗ ದುಷ್ಯಂತ ಅದನ್ನು ನಂಬದೆ, ಸುಮ್ಮನೆ ಏಕೆ ಅದುರುತ್ತೀ ಎಂದು ಗದರುತ್ತಾನೆ. ಹಿಂದೆ ಒಂದು ಸಲವೂ ಸುಳ್ಳು ಹೇಳದ ತೋಳು ಅದು. ಹೆಂಡತಿಯನ್ನು ಮರೆತದ್ದಕ್ಕೆ ದೂರ್ವಾಸರ ಶಾಪದ ನೆಪವಿದೆ. ತೋಳನ್ನು ಮರೆತದ್ದಕ್ಕೆ ಕಾಳಿದಾಸ ಯಾವ ನೆಪವನ್ನೂ ಕೊಟ್ಟಿಲ್ಲ.

ಕನ್ನಡ ಕವಿಗಳು ಈ ವಿದ್ಯೆಯಲ್ಲಿ ಒಂದು ಹೆಜ್ಜೆ ಮುಂದೆ, ಅಥವಾ ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಒಂದು ಹೆಜ್ಜೆ ಹಿಂದೆ. ರನ್ನನ ಗದಾಯುದ್ಧ ಮಹಾಭಾರತವನ್ನು ಕೊನೆಯ ಕಾಳಗದಿಂದ ಹಿಡಿದು, ಸಿಂಹಾವಲೋಕನ ಕ್ರಮದಲ್ಲಿ ಹಿಂದಿರುಗಿ ನೋಡುತ್ತ ಹೇಳುತ್ತದೆ. ತೊಡೆ ಮುರಿಯುವ ಹೊತ್ತಿನಿಂದ ಹಿಂದಕ್ಕೆ ನೋಡಿದರೆ ದ್ಯೂತಸಭೆ, ಅರಗಿನ ಮನೆ, ಪ್ರತಿಜ್ಞೆಗಳು ಎಲ್ಲವೂ ಒಂದೇ ಗೆರೆಯಲ್ಲಿ ಬಂದು ನಿಲ್ಲುತ್ತವೆ. ಮುಂದಿನಿಂದ ನೋಡಿದವರಿಗೆ ಆ ಗೆರೆ ಕಂಡಿರಲಿಲ್ಲ. ಕಂಡಿದ್ದರೆ ದ್ರೋಣಾದಿಗಳು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದರು. ರನ್ನನ ಕ್ರಮವೇ ಪ್ರಸ್ತುತ ಶಾಸ್ತ್ರದ ಅಧಿಕೃತ ಕ್ರಮ. ಸೋದರತ್ತೆಯರು ಅದನ್ನು ಗದಾಯುದ್ಧ ಓದದೆಯೇ ಸಾಧಿಸಿದ್ದಾರೆ.

ಜನ್ನನ ಯಶೋಧರ ಚರಿತೆ (1209) ಇದಕ್ಕಿಂತ ತೊಡಕಿನ ಪ್ರಶ್ನೆಯನ್ನು ಎತ್ತುತ್ತದೆ: ಸುಳ್ಳು ನಿಮಿತ್ತಕ್ಕೆ ನಿಜವಾದ ಫಲ ಉಂಟೇ? ರಾಣಿ ಅಮೃತಮತಿ ಮಾವಟಿಗನಿಗೆ ಮನಸೋತದ್ದನ್ನು ಕಣ್ಣಾರೆ ಕಂಡ ಯಶೋಧರ, ಬೆಳಗ್ಗೆ ತಾಯಿಗೆ ಅದನ್ನು ಹೇಳಲಾರದೆ, ಕೆಟ್ಟ ಕನಸು ಬಿತ್ತೆಂದು ಮರೆಮಾಚುತ್ತಾನೆ. ತಾಯಿ ಕನಸಿಗೆ ಶಾಂತಿಯಾಗಬೇಕು, ಬಲಿ ಕೊಡಬೇಕು ಎನ್ನುತ್ತಾಳೆ. ಜೀವಹಿಂಸೆ ಒಲ್ಲದ ಮಗ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಆಮೇಲೆ ತಾಯಿ ಮಗ ಇಬ್ಬರೂ ಅಮೃತಮತಿಯ ವಿಷದೂಟ ಉಂಡು ಸತ್ತು, ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಬೀಳದ ಕನಸು ಬಿದ್ದ ಕನಸಿಗಿಂತ ಹೆಚ್ಚು ಫಲ ಕೊಟ್ಟ ಪ್ರಸಂಗ ಇದು. ಸಂಸಾರದ ಜಗಳವನ್ನು ತಾಯಿಯ ಮುಂದೆ ಕನಸಿನ ರೂಪದಲ್ಲಿ ನಿವೇದಿಸುವ ಪದ್ಧತಿ ಆಮೇಲೆ ಬಳಕೆಯಲ್ಲಿ ಉಳಿಯದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಯೋಜಕರ ನೆರವಿಲ್ಲದೆ ತಾನೇ ಬಾಯಿಬಿಟ್ಟ ನಿಮಿತ್ತವೆಂಬ ಹೆಗ್ಗಳಿಕೆ ಆ ಕೋಳಿಯದು.

ರಷ್ಯದ ಚೆಕಾವ್ 1889ರ ಪತ್ರವೊಂದರಲ್ಲಿ, ಹಾರಿಸುವ ಉದ್ದೇಶ ಯಾರಿಗೂ ಇಲ್ಲದಿದ್ದರೆ ತುಂಬಿದ ಬಂದೂಕನ್ನು ರಂಗದ ಮೇಲೆ ಇಡಬಾರದು ಎಂಬ ಅರ್ಥದ ಸಲಹೆ ಕೊಟ್ಟ. ಕನ್ನಡ ಚಲನಚಿತ್ರ ಬಂದೂಕಿನ ಬದಲು ಅಮ್ಮನ ಕೆಮ್ಮನ್ನು ಆರಿಸಿಕೊಂಡಿತು. ಬಂದೂಕು ಗುರಿ ತಪ್ಪಬಹುದು. ಮಧ್ಯಂತರಕ್ಕೆ ಮುಂಚೆ ಕೆಮ್ಮಿದ ಅಮ್ಮ ಮಧ್ಯಂತರದ ನಂತರ ಗುಣವಾದ ಉದಾಹರಣೆ ಸಿಗುವುದು ಕಷ್ಟ. ಕುಂಕುಮದ ಭರಣಿ ಕೆಳಗೆ ಬೀಳುವುದು, ದೇವರ ದೀಪ ಆರುವುದು, ಗೋಡೆಯ ಫೋಟೋದ ಗಾಜು ಒಡೆಯುವುದು ಇವೆಲ್ಲ ಇದೇ ಕುಲದವು. ‘ಊರಿಂದ ಬಂದ ತಕ್ಷಣ ತಂಗಿ ಮದುವೆ ಕಣೋ’ ಎಂದು ನಾಯಕನಿಗೆ ಹೇಳಿ ಹೊರಡುವ ಗೆಳೆಯನ ವಿಷಯದಲ್ಲಿ ಪ್ರೇಕ್ಷಕರು ಸೂತಕದ ಲೆಕ್ಕ ಅಲ್ಲಿಂದಲೇ ಶುರುಮಾಡುತ್ತಾರೆ.

ತಿರುವುಗಳ ವಿಚಾರಕ್ಕೆ ಬಂದರೆ ಮೊದಲ ಸ್ಥಾನ ನೀಲಾಂಜನೆಯ ಪ್ರಸಂಗಕ್ಕೆ ಸಲ್ಲಬೇಕು. ಪಂಪನ ಆದಿಪುರಾಣ (941) ಹೇಳುವಂತೆ, ಮೊದಲ ತೀರ್ಥಂಕರನಾಗಲಿದ್ದ ಆದಿದೇವನ ಸಭೆಯಲ್ಲಿ ನರ್ತಿಸುತ್ತಿದ್ದ ನೀಲಾಂಜನೆ ನೃತ್ಯದ ನಡುವೆಯೇ ಆಯುಸ್ಸು ತೀರಿ ಮಾಯವಾಗುತ್ತಾಳೆ. ರಸಭಂಗವಾಗದಂತೆ ಇಂದ್ರ ಆ ಕ್ಷಣವೇ ಅವಳಂಥ ಇನ್ನೊಬ್ಬಳನ್ನು ತಂದು ನಿಲ್ಲಿಸುತ್ತಾನೆ. ಸಭೆಗೆ ಗೊತ್ತಾಗುವುದಿಲ್ಲ. ಆದಿದೇವನೊಬ್ಬನಿಗೆ ಗೊತ್ತಾಗಿ, ವೈರಾಗ್ಯ ಬರುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಆಯುಸ್ಸು ಮುಗಿಯಲಿದ್ದ ನರ್ತಕಿಯನ್ನೇ ಇಂದ್ರ ಬೇಕೆಂದು ಆರಿಸಿ ಕಳಿಸಿದ್ದ. ಅಂದರೆ ಜಗತ್ತಿನ ಶ್ರೇಷ್ಠ ತಿರುವುಗಳಲ್ಲೊಂದಕ್ಕೆ ಆಯೋಜಕರಿದ್ದರು, ಬದಲಿ ಕಲಾವಿದೆಯ ಏರ್ಪಾಡೂ ಆಗಿತ್ತು. ಎರಡನೆಯದಾಗಿ, ಜೈನ ಪರಂಪರೆಯ ಲೆಕ್ಕದಲ್ಲಿ ಆದಿದೇವನ ಒಟ್ಟು ಆಯುಸ್ಸು, ಪೂರ್ವವೆಂಬ ಕಾಲಮಾನದಲ್ಲಿ, 84 ಲಕ್ಷ. ಈ ಕ್ಷಣ ಬಂದಾಗ 83 ಲಕ್ಷ ಕಳೆದಿದ್ದವು. ಮೂವತ್ತೈದಾದರೂ ಬದುಕು ಬದಲಿಸುವ ಕ್ಷಣ ಬರಲಿಲ್ಲವೆಂದು ಕೊರಗುವವರಿಗೆ ಈ ಅಂಕಿಯನ್ನು ತೋರಿಸಬಹುದು.

ಅಶೋಕನ ತಿರುವು ಪಠ್ಯಪುಸ್ತಕಗಳಲ್ಲಿ ಒಂದು ವಾಕ್ಯದಷ್ಟು ಉದ್ದ: ಕಳಿಂಗ ಗೆದ್ದ, ರಕ್ತ ಕಂಡ, ಬದಲಾದ. ಶಾಸನಗಳಲ್ಲಿ ಅದು ಅಷ್ಟು ಚುರುಕಾಗಿ ನಡೆದಿಲ್ಲ. ಹದಿಮೂರನೆಯ ಬಂಡೆಶಾಸನ ಪಟ್ಟಾಭಿಷೇಕದ ಎಂಟನೆಯ ವರ್ಷದ ಆ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು ಎಂದು ಹೇಳಿ ಪಶ್ಚಾತ್ತಾಪ ಪಡುತ್ತದೆ. ಆದರೆ ಕರ್ನಾಟಕದ ಬ್ರಹ್ಮಗಿರಿಯೂ ಸೇರಿದಂತೆ ಹಲವೆಡೆ ಸಿಕ್ಕಿರುವ ಕಿರುಶಾಸನದಲ್ಲಿ ಅಶೋಕನೇ ಒಪ್ಪಿಕೊಂಡಿರುವ ಪ್ರಕಾರ, ಉಪಾಸಕನಾಗಿ ಎರಡೂವರೆ ವರ್ಷ ಮಿಕ್ಕಿದ್ದರೂ ಅದರಲ್ಲಿ ಒಂದು ವರ್ಷ ಹೇಳಿಕೊಳ್ಳುವಂಥ ಸಾಧನೆ ಮಾಡಲಿಲ್ಲ. ಮಹಾತಿರುವೊಂದರ ನಾಯಕ ತನ್ನ ತಿರುವಿನೊಳಗೆ ಒಂದು ವರ್ಷ ಸೋಮಾರಿಯಾಗಿದ್ದೆನೆಂದು ಕಲ್ಲಿನಲ್ಲಿ ಕೆತ್ತಿಸಿದ ಇನ್ನೊಂದು ನಿದರ್ಶನ ಸಿಗಲಾರದು. ಪಶ್ಚಾತ್ತಾಪದ ಆ ಹದಿಮೂರನೆಯ ಶಾಸನ ಕಳಿಂಗದ ಧೌಲಿ, ಜೌಗಡಗಳಲ್ಲಿ ಇಲ್ಲ. ಅಲ್ಲಿ ಬೇರೆ ಶಾಸನಗಳನ್ನು ಕೆತ್ತಿಸಲಾಗಿದೆ. ಪೆಟ್ಟು ತಿಂದವರ ಊರು ಬಿಟ್ಟು ಉಳಿದೆಡೆ ಕ್ಷಮೆ ಕೇಳುವ ಆಡಳಿತ ಪದ್ಧತಿ ಇಷ್ಟು ಹಳೆಯದೆಂಬುದು ಸಮಾಧಾನದ ಸಂಗತಿಯೋ ಅಲ್ಲವೋ ಓದುಗರು ತೀರ್ಮಾನಿಸಲಿ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರೇ ಇರುವ ಶಾಸನ 1915ರಲ್ಲಿ ಪತ್ತೆಯಾಯಿತು. ಕಂಡುಹಿಡಿದ ಬೀಡನ್ ಚಿನ್ನದ ಗಣಿಯ ಎಂಜಿನಿಯರ್; ಅವನು ಹುಡುಕುತ್ತಿದ್ದದ್ದು ಚಿನ್ನವನ್ನು.

ತಿರುವಿಗೆ ಫಲಕ ನೆಡಲು ಅನುಕೂಲವಾದ ಸ್ಥಳವಿರಬೇಕೆಂಬುದು ಗಾಂಧಿಯವರ ಪ್ರಸಂಗದಿಂದ ಸಿದ್ಧವಾಗುತ್ತದೆ. 1893ರ ಜೂನ್ 7ರ ರಾತ್ರಿ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಅವರನ್ನು ರೈಲಿನಿಂದ ಹೊರಹಾಕಿದ್ದು ಎಲ್ಲರಿಗೂ ಗೊತ್ತು. ಅದೇ ಪ್ರಯಾಣದ ಮುಂದಿನ ಭಾಗದಲ್ಲಿ ಕುದುರೆಗಾಡಿಯ ಮುಖ್ಯಸ್ಥ ಅವರನ್ನು ಹೊಡೆದದ್ದು, ಜೋಹಾನ್ಸ್‌ಬರ್ಗಿನ ಹೋಟೆಲು ಜಾಗ ಕೊಡದೆ ಕಳಿಸಿದ್ದು ಅಷ್ಟು ಜನಕ್ಕೆ ಗೊತ್ತಿಲ್ಲ. ಏಟು ಬಿದ್ದದ್ದು ಗಾಡಿಯಲ್ಲಿ, ಹೆಸರುಳಿದದ್ದು ನಿಲ್ದಾಣಕ್ಕೆ. ಗಾಡಿ ಹೊರಟುಹೋಗುತ್ತದೆ, ನಿಲ್ದಾಣ ಅಲ್ಲೇ ಇರುತ್ತದೆ.

ಸಾಮಾನ್ಯರ ಬದುಕಿನಲ್ಲಿ ಮುನ್ಸೂಚನೆಗೂ ತಿರುವಿಗೂ ಇರುವ ಭೇದವನ್ನು ತಿಳಿಯಲು ಹೈಸ್ಕೂಲಿನ ಗಣಿತದ ಮೇಷ್ಟ್ರಿಗಿಂತ ಉತ್ತಮ ಸಾಮಗ್ರಿಯಿಲ್ಲ. ಮೇಷ್ಟ್ರು ಇಡೀ ತರಗತಿಗೆ, ‘ನೀವೆಲ್ಲ ಎಮ್ಮೆ ಕಾಯೋಕೇ ಲಾಯಕ್ಕು’ ಎನ್ನುತ್ತಾರೆ. ಕೇಳಿಸಿಕೊಂಡ ಅರವತ್ತು ಮಂದಿಯಲ್ಲಿ ಒಬ್ಬ ಮುಂದೆ ಎಮ್ಮೆ ಕಾದರೆ ಆ ಮಾತು ಮುನ್ಸೂಚನೆ. ಇನ್ನೊಬ್ಬ ತಹಸೀಲ್ದಾರನಾದರೆ ಅದೇ ಮಾತು ಛಲ ಹುಟ್ಟಿಸಿದ ತಿರುವು. ಅವನ ಅಭಿನಂದನ ಗ್ರಂಥದಲ್ಲಿ ಅದಕ್ಕೆ ಒಂದು ಅಧ್ಯಾಯವೇ ಮೀಸಲು. ಉಳಿದ ಐವತ್ತೆಂಟು ಮಂದಿಗೆ ಅಂದು ಕೇಳಿಸಿದ್ದು ಪಿರಿಯಡ್ ಮುಗಿದ ಗಂಟೆ ಮಾತ್ರ. ಎಮ್ಮೆ ಕಟ್ಟಿದವನು ಡೇರಿಗೆ ಹಾಲು ಹಾಕಿ ತಹಸೀಲ್ದಾರನಿಗಿಂತ ಹೆಚ್ಚು ಸಂಪಾದಿಸಿದಾಗ ಮಾತು ಯಾವ ವರ್ಗಕ್ಕೆ ಸೇರುತ್ತದೆ ಎಂಬ ಬಗ್ಗೆ ಪಂಡಿತರಲ್ಲಿ ಏಕಾಭಿಪ್ರಾಯವಿಲ್ಲ.

ಅಭಿನಂದನ ಗ್ರಂಥಗಳನ್ನೇ ಪ್ರತ್ಯೇಕವಾಗಿ ಅಭ್ಯಾಸ ಮಾಡಬಹುದು. ಅಲ್ಲಿ ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ಎಂದೂ ಸೋಲದು, ಏಕೆಂದರೆ ಬೆಳೆಯದ ಮೊಳಕೆಗಳಿಗೆ ಅಭಿನಂದನ ಗ್ರಂಥವಿಲ್ಲ. ಬಾಲ್ಯದಲ್ಲಿ ಮಾವಿನಕಾಯಿ ಕದ್ದದ್ದು ರಾಜಕಾರಣಿಯ ಗ್ರಂಥದಲ್ಲಿ ನಾಯಕತ್ವದ ಗುಣ, ಉದ್ಯಮಿಯ ಗ್ರಂಥದಲ್ಲಿ ಸಾಹಸಪ್ರವೃತ್ತಿ, ಸಾಹಿತಿಯ ಗ್ರಂಥದಲ್ಲಿ ನಿಸರ್ಗಪ್ರೇಮ. ತೋಟದ ಯಜಮಾನನ ಅಭಿಪ್ರಾಯವನ್ನು ಯಾವ ಸಂಪಾದಕ ಮಂಡಳಿಯೂ ಆಹ್ವಾನಿಸಿದಂತಿಲ್ಲ.

ಮದುವೆಗಳಲ್ಲಿ ನಿಯಮ ಇನ್ನೂ ಕಟ್ಟುನಿಟ್ಟು. ಹೆಣ್ಣು ನೋಡುವ ದಿನ ಹಾಲು ಒಡೆದಿತ್ತು, ಕೇಸರಿಬಾತು ತಳ ಹಿಡಿದಿತ್ತು, ಗಂಡಿನ ಚಿಕ್ಕಪ್ಪ ಹೊಸಿಲು ಎಡವಿದ್ದರು ಎಂಬ ಸಂಗತಿಗಳು ಸಂಸಾರ ಸುಗಮವಾಗಿ ನಡೆಯುವವರೆಗೆ ಸುಪ್ತವಾಗಿರುತ್ತವೆ. ಗಂಡ ಹೆಂಡತಿ ವಕೀಲರ ಕಚೇರಿಯ ಮೆಟ್ಟಿಲು ಹತ್ತಿದ ದಿನ ಒಂದರ ಹಿಂದೊಂದು ಎದ್ದು ಬರುತ್ತವೆ. ಅದೇ ಡೇರಿಯ ಅದೇ ದಿನದ ಹಾಲು ಒಡೆದೂ ಐವತ್ತು ವರ್ಷ ಚೆನ್ನಾಗಿ ಬಾಳಿದ ದಂಪತಿಗಳ ಹಾಲಿನ ದಾಖಲೆ ಯಾರ ಬಳಿಯೂ ಉಳಿದಿಲ್ಲ.

ಈ ಸತ್ಯವನ್ನು ಪಾಶ್ಚಾತ್ಯರು ತಡವಾಗಿ ಕಂಡುಕೊಂಡರು. ನಿಜ, ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಆರ್ಗೋಸ್ ನಗರದ ಮಿತಿಸ್ ಎಂಬುವನ ಪ್ರತಿಮೆ ಅವನ ಸಾವಿಗೆ ಕಾರಣನಾದವನ ಮೇಲೆಯೇ ಬಿದ್ದು ಅವನನ್ನು ಕೊಂದದ್ದನ್ನು ಎತ್ತಿಕೊಂಡು, ಇಂಥ ಆಕಸ್ಮಿಕಗಳು ಉದ್ದೇಶಪೂರ್ವಕವಾಗಿ ಕಂಡಾಗ ಕಥೆಗೆ ಹೆಚ್ಚು ಸೊಗಸು ಎಂದಿದ್ದ. ಆದರೆ ಪ್ರಯೋಗ ನಡೆಸಿ ತೋರಿಸಿದವರು ಮನೋವಿಜ್ಞಾನಿ ಬರುಕ್ ಫಿಶ್‌ಹಾಫ್, 1975ರಲ್ಲಿ. 1814ರಲ್ಲಿ ಬ್ರಿಟಿಷರಿಗೂ ಗೂರ್ಖರಿಗೂ ನಡೆದ ಕಾಳಗದ ವಿವರವನ್ನು ಅವರು ಜನರಿಗೆ ಓದಲು ಕೊಟ್ಟರು. ಕೊನೆ ಹೀಗಾಯಿತು ಎಂದು ತಿಳಿಸಿದ ಗುಂಪುಗಳಿಗೆಲ್ಲ, ತಮಗೆ ತಿಳಿಸಿದ ಕೊನೆಯೇ ಮೊದಲಿನಿಂದಲೂ ಹೆಚ್ಚು ಸಂಭವನೀಯವಾಗಿತ್ತು ಎನ್ನಿಸಿತು. ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ಕೊನೆಗಳನ್ನು ತಿಳಿಸಲಾಗಿತ್ತು ಎಂಬುದು ಇಲ್ಲಿಯ ಸ್ವಾರಸ್ಯ. ನಿಕ್ಸನ್ನರ 1972ರ ಚೀನಾ ಪ್ರವಾಸದ ವಿಷಯದಲ್ಲೂ ಹೀಗೇ ಆಯಿತು: ಪ್ರವಾಸಕ್ಕೆ ಮುಂಚೆ ತಾವೇ ಬರೆದುಕೊಟ್ಟಿದ್ದ ಊಹೆಗಳನ್ನು ಆಮೇಲೆ ನೆನಪಿಸಿಕೊಳ್ಳಲು ಹೇಳಿದಾಗ, ನಡೆದದ್ದನ್ನು ಹೆಚ್ಚು ಬಲವಾಗಿ ಊಹಿಸಿದ್ದಂತೆ ಜನ ನೆನಪಿಸಿಕೊಂಡರು.

ತಿರುವುಗಳ ನೆನಪನ್ನು ಇನ್ನೊಬ್ಬ ಮನೋವಿಜ್ಞಾನಿ ಉಲ್ರಿಕ್ ನೈಸರ್ ಪರೀಕ್ಷಿಸಿದರು. 1986ರ ಜನವರಿಯಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟಗೊಂಡ ಮರುದಿನ ಬೆಳಗ್ಗೆ, ಸುದ್ದಿ ಎಲ್ಲಿ ಹೇಗೆ ಕೇಳಿದಿರೆಂದು ವಿದ್ಯಾರ್ಥಿಗಳಿಂದ ಬರೆಸಿಟ್ಟುಕೊಂಡು, ಸುಮಾರು ಎರಡೂವರೆ ವರ್ಷಗಳ ನಂತರ ಮತ್ತೆ ಕೇಳಿದರು. ಸುಮಾರು ಕಾಲು ಭಾಗದವರ ಉತ್ತರ ಒಂದು ಅಂಶದಲ್ಲೂ ಮೊದಲಿನದಕ್ಕೆ ತಾಳೆಯಾಗಲಿಲ್ಲ. ಆತ್ಮವಿಶ್ವಾಸಕ್ಕೆ ಮಾತ್ರ ಕೊರತೆಯಿರಲಿಲ್ಲ. ಸ್ವಂತ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಿ ಬರಲಿಲ್ಲ. ಇಂಥ ಪರೀಕ್ಷೆಯನ್ನು ಸೋದರತ್ತೆಯರ ಮೇಲೆ ನಡೆಸುವ ಧೈರ್ಯ ಇನ್ನೂ ಯಾರಿಗೂ ಬಂದಂತಿಲ್ಲ.

ಪೂರ್ವಪಕ್ಷದವರು ಒಂದು ಆಕ್ಷೇಪ ಎತ್ತುತ್ತಾರೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಲಕ್ಷಾಂತರ ಜನರನ್ನು ಸುಮ್ಮನಾಗಿಸಿ, ಎಲ್ಲರ ಎದುರಿಗೇ ಕಾರಣಿಕ ನುಡಿಯುತ್ತಾನೆ. ಇದು ಮುಂಚಿತವಾಗಿಯೇ ಆದ ಸೂಚನೆಯಲ್ಲವೇ? ಹೌದು. ಆದರೆ ಕಾರಣಿಕ ಒಂದೇ ವಾಕ್ಯ, ಅದೂ ಒಗಟಿನಂಥದು. ಮಳೆಗಾಲ ಕಳೆದ ಮೇಲೆ ರೈತರು ಅದನ್ನು ಜೋಳಕ್ಕೆ ಹೊಂದಿಸುತ್ತಾರೆ. ಚುನಾವಣೆ ಕಳೆದ ಮೇಲೆ ಗೆದ್ದವರ ಕಡೆಯವರು ತಮಗೆ ಹೊಂದಿಸಿಕೊಳ್ಳುತ್ತಾರೆ. ಸೋತವರ ಕಡೆಯವರು, ನಾವೇ ಅಂದು ತಪ್ಪು ತಿಳಿದುಕೊಂಡೆವು ಎನ್ನುತ್ತಾರೆ. ನುಡಿ ಮೊದಲು, ಅರ್ಥ ಆಮೇಲೆ. ಹೀಗಾಗಿ ಲಕ್ಷಣಕ್ಕೆ ಬಾಧೆಯಿಲ್ಲ. ಫಲಿಸದೆ ಹೋದ ಶಕುನಗಳ ಗತಿಯೇನು ಎಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರ ಲಕ್ಷಣದಲ್ಲಿಯೇ ಇದೆ. ಫಲಿಸದ್ದು ಶಕುನವಲ್ಲವಾದ್ದರಿಂದ ಅದಕ್ಕೆ ಗತಿಯ ಅಗತ್ಯವಿಲ್ಲ.

ಪ್ರಯೋಗವಿಧಿ ಚಿಕ್ಕದು. ಹಲ್ಲಿ ಲೊಚಗುಟ್ಟಿದಾಗ ಬೆರಳಿನಿಂದ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಅನ್ನುವುದರಿಂದ ಹಾನಿಯಿಲ್ಲ. ಬಲಗಣ್ಣು ಮೂರು ದಿನಕ್ಕಿಂತ ಹೆಚ್ಚು ಅದುರಿದರೆ ಪಂಚಾಂಗಕ್ಕಿಂತ ಕಣ್ಣಿನ ಡಾಕ್ಟರು ಮೇಲು. ಸಂದರ್ಶನಕ್ಕೆ ಹೊರಟಾಗ ಯಾರಾದರೂ ಒಂಟಿ ಸೀನು ಸೀನಿದರೆ ಐದು ನಿಮಿಷ ಕೂತು ನೀರು ಕುಡಿದು ಹೊರಡುವ ಪದ್ಧತಿಯಿದೆ. ಅದರಿಂದ ಬಸ್ಸು ತಪ್ಪಿ ಕೆಲಸ ಕೈಬಿಟ್ಟರೆ ಸೀನಿದವರ ಕೀರ್ತಿ ಮನೆತನದಲ್ಲಿ ಎರಡು ತಲೆಮಾರು ನಿಲ್ಲುತ್ತದೆ. ನಸುಕಿನಲ್ಲಿ ಬಂದು ಹಾಲಕ್ಕಿ ನುಡಿದದ್ದನ್ನು ಹೇಳುವ ಬುಡಬುಡಿಕೆಯವರ ವಿಷಯದಲ್ಲಿ ಒಂದು ವ್ಯಾವಹಾರಿಕ ಅಂಶವನ್ನು ನೆನಪಿಡಬೇಕು: ಅವರಿಗೆ ಅಕ್ಕಿಯನ್ನೂ ಹಳೆಯ ಬಟ್ಟೆಯನ್ನೂ ಆಗಲೇ ಕೊಟ್ಟು ಕಳಿಸಬೇಕು. ಫಲ ನೋಡಿ ಆಮೇಲೆ ಕೊಡುತ್ತೇವೆ ಎಂಬ ಷರತ್ತಿಗೆ ಅವರಲ್ಲಿ ಯಾರೂ ಒಪ್ಪುವುದಿಲ್ಲ.